ಅಟ್ಟದಲ್ಲಿ 2016ರ ನೋಟ್‌ಬುಕ್ ಸಿಕ್ಕಿತು. ಮುಂದೆ ಹೀಗಾಗುತ್ತೆ ಅಂತ ಹೇಳುವ ಈ ಫ್ಯೂಚರಿಸ್ಟ್‌ಗಳ ಮಾತನ್ನು ಎಷ್ಟು ನಂಬೋದು?

ಹಳೇನೋಟ್‌ಬುಕ್:

ಮೊನ್ನೆ ಅಟ್ಟ ಗುಡಿಸುವಾಗ ಹಳೇ ನೋಟ್‌ಬುಕ್ ಒಂದು ಕೈಗೆ ಬಂತು. 2016ರಲ್ಲಿ ನಮ್ಮ ಆಫೀಸಿನವರು ಎಲ್ಲರನ್ನೂ ಮೈಸೂರಿಂದ ಬಸ್ಸು ಹತ್ತಿಸಿ ಬೆಂಗಳೂರಿನ ದೊಡ್ಡ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿದ್ದರು. ಫ್ಯೂಚರಿಸ್ಟ್ ಒಬ್ಬರ ಭಾಷಣ. ಕಿವಿಗೆ ಮೈಕು ಸಿಕ್ಕಿಸಿಕೊಂಡು, ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ, ಇನ್ನು ಐದು ವರ್ಷದಲ್ಲಿ ಏನೇನಾಗುತ್ತೆ ಅಂತ ಹೇಳಿದರು. ನಾನು ಒಳ್ಳೇ ಹುಡುಗನ ಹಾಗೆ ಮುಂದಿನ ಸಾಲಲ್ಲಿ ಕೂತು ಎಲ್ಲ ಬರೆದುಕೊಂಡಿದ್ದೇನೆ.

2021ಕ್ಕೆ ಬೆಂಗಳೂರಿನಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿ. ಮನೆಮನೆಗೂ 3ಡಿ ಪ್ರಿಂಟರ್. ದಿನಸಿ ಬರೋದು ಡ್ರೋನಿನಲ್ಲಿ. ಮೊಬೈಲ್ ಫೋನ್ ಮಾಯವಾಗಿ ಎಲ್ಲರ ಮೂಗಿನ ಮೇಲೂ ಸ್ಮಾರ್ಟ್ ಕನ್ನಡಕ. 3ಡಿ ಪ್ರಿಂಟರ್ ಪಕ್ಕದಲ್ಲಿ ನಾನೇ ಪೆನ್ಸಿಲಿನಲ್ಲಿ ‘ಬಕೆಟ್ ಹಿಡಿಕೆ?’ ಅಂತ ಬರೆದಿದ್ದೇನೆ. ಆಗ ನಮ್ಮ ಬಚ್ಚಲುಮನೆ ಬಕೆಟ್ಟಿನ ಹಿಡಿಕೆ ಮುರಿದಿತ್ತು. ಪುಟದ ಕೊನೆಗೆ ‘ಊಟ 1.30ಕ್ಕೆ’ ಅಂತಿದೆ.

ಒಂದೂ ಆಗಿಲ್ಲ. ಅದಕ್ಕೆ ಬೇಜಾರಿಲ್ಲ, ತಪ್ಪು ಎಲ್ಲರೂ ಮಾಡುತ್ತಾರೆ. ನನ್ನನ್ನು ಕಾಡಿದ್ದು ಬೇರೆ. ಯುಪಿಐ ಶುರುವಾಗಿದ್ದು ಅದೇ 2016ರ ಏಪ್ರಿಲ್‌ನಲ್ಲಿ. ಇವತ್ತು ನಮ್ಮ ಬೀದಿಯ ಎಳನೀರು ಗಾಡಿಗೆ ಕ್ಯೂಆರ್ ಕೋಡ್ ನೇತುಹಾಕಿದ್ದಾರೆ. ದುಡ್ಡು ಬಿದ್ದ ತಕ್ಷಣ ಒಂದು ಡಬ್ಬಿ ಕೂಗಿ ಹೇಳುತ್ತೆ. ನಮ್ಮಮ್ಮ ಚಿಲ್ಲರೆ ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟಿದ್ದಾರೆ. ಆ ಎರಡು ಗಂಟೆ ಭಾಷಣದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆದದ್ದು ಕಾಣಲಿಲ್ಲ, ಕಂಡದ್ದು ಆಗಲಿಲ್ಲ. ಹಾಗಾದರೆ ಇವರಿಗೆ ಗೊತ್ತಿರೋದಾದರೂ ಏನು?

ದೇವನಹಳ್ಳಿಬಸ್:

ನಿಮ್ಮದು ಬರೀ ಭಾಷಣ ಸ್ವಾಮಿ. ನಮಗೆ ಒಪ್ಪಂದದ ಪತ್ರವೇ ಇತ್ತು. 2020ರ ಸೆಪ್ಟೆಂಬರ್. ಬೆಂಗಳೂರು ವಿಮಾನ ನಿಲ್ದಾಣದವರೂ, ಗಾಳಿ ತೆಗೆದ ಕೊಳವೆಯೊಳಗೆ ಗಾಡಿ ಓಡಿಸುತ್ತೇವೆ ಅನ್ನುತ್ತಿದ್ದ ವರ್ಜಿನ್ ಹೈಪರ್‌ಲೂಪ್‌ನವರೂ ಕಾರ್ಯಸಾಧ್ಯತೆ ನೋಡೋಕೆ ಕೈಜೋಡಿಸಿದರು. ಏರ್‌ಪೋರ್ಟಿಂದ ಊರ ಮಧ್ಯಕ್ಕೆ ಹತ್ತೇ ನಿಮಿಷ! ಗಂಟೆಗೆ 1,080 ಕಿಲೋಮೀಟರ್ ವೇಗ! ನಮ್ಮ ವಾಟ್ಸಾಪ್ ಗುಂಪಿನಲ್ಲಿ ದೇವನಹಳ್ಳಿ ಸೈಟಿನ ರೇಟು ಅವತ್ತೇ ಏರಿತು.

ಆಗ ನಾನೊಂದು ಲೆಕ್ಕ ಹಾಕಿದ್ದೆ. ದೂರ ಸುಮಾರು 35 ಕಿಲೋಮೀಟರ್. ಹತ್ತು ನಿಮಿಷಕ್ಕೆ 35 ಅಂದರೆ ಗಂಟೆಗೆ 210. ಜಪಾನಿನ ಬುಲೆಟ್ ರೈಲು ಗಾಳಿ ತುಂಬಿದ ಬಯಲಲ್ಲೇ 320ರಲ್ಲಿ ಓಡುತ್ತೆ. 210ಕ್ಕೆ ಗಾಳಿ ಹೀರಿ ತೆಗೆದ ಕೊಳವೆ ಯಾಕೆ ಬೇಕು? ಗುಂಪಿನಲ್ಲಿ ಕೇಳಿದೆ. ‘ನೆಗೆಟಿವ್ ಮಾತಾಡಬೇಡಿ’ ಅಂದರು.

ಅದೇ ನವೆಂಬರ್‌ನಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಹೈಪರ್‌ಲೂಪ್‌ನವರು ಮನುಷ್ಯರನ್ನು ಕೂರಿಸಿ ಓಡಿಸಿದರು. ಇಬ್ಬರು ಜನ, 500 ಮೀಟರ್ ಹಳಿ, ವೇಗ 172. 2023ರ ಕೊನೆಗೆ ಕಂಪನಿ ಬಾಗಿಲು ಹಾಕಿತು. ನಾನು ಇದನ್ನು ಏರ್‌ಪೋರ್ಟಿನ ವಾಯುವಜ್ರ ಬಸ್ಸಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ. ಹೆಬ್ಬಾಳ ಇನ್ನೂ ಬಂದಿಲ್ಲ.

ಸಿಯಾಟಲ್‌ಸಿದ್ದ:

ಹೋಟೆಲಿನಲ್ಲಿ ಭಾಷಣ ಮಾಡುವವರನ್ನೂ ಕೆಲಸ ಮಾಡಿ ತೋರಿಸಿದವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ರೇ ಕರ್ಜಿಕಾಯಿ ಅವರನ್ನೇ ತಗೊಳ್ಳಿ. 1976ರಲ್ಲೇ ಕುರುಡರಿಗೆ ಪುಸ್ತಕ ಓದಿ ಹೇಳುವ ಯಂತ್ರ ಮಾಡಿದ ಮನುಷ್ಯ. ಚೆಸ್‌ನಲ್ಲಿ ಕಂಪ್ಯೂಟರ್ 2000ನೇ ಇಸವಿಯೊಳಗೆ ವಿಶ್ವ ಚಾಂಪಿಯನ್ನನ್ನು ಸೋಲಿಸುತ್ತೆ ಅಂತ 1990ರಲ್ಲಿ ಬರೆದರು. 1997ರ ಮೇ ತಿಂಗಳಲ್ಲಿ ಡೀಪ್ ಬ್ಲೂ ಕಾಸ್ಪರೋವ್‌ನನ್ನು ಸೋಲಿಸಿತು. 2029ಕ್ಕೆ ಯಂತ್ರ ಮನುಷ್ಯನ ಹಾಗೇ ಮಾತಾಡುತ್ತೆ ಅಂತ ಅವರು ಮೊದಲು ಹೇಳಿದಾಗ ಜನ ನಕ್ಕರು. ಈಗ ಯಾರು ನಗುತ್ತಿದ್ದಾರೆ ಹೇಳಿ?

ಡ್ರೈವರ್ ಇಲ್ಲದ ಟ್ಯಾಕ್ಸಿ ಆಗಲೇ ಇಲ್ಲ ಅನ್ನೋದೂ ತಪ್ಪು. ಹೋದ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾನೇ ವೇಮೋ ಹತ್ತಿದ್ದೆ. ಮುಂದಿನ ಸೀಟು ಖಾಲಿ. ಸ್ಟೀರಿಂಗ್ ತನ್ನಷ್ಟಕ್ಕೆ ತಿರುಗುತ್ತೆ, ಯಾರೋ ಕಾಣದ ಮನುಷ್ಯ ಕೂತಿರೋ ಹಾಗೆ. ಮೊದಲ ಎರಡು ನಿಮಿಷ ಹೆದರಿಕೆ. ಆಮೇಲೆ ನಾನೂ ಫೋನ್ ನೋಡುತ್ತಾ ಕೂತೆ.

ಹಡಗಲಿಹುಡುಗಿ:

ಕರ್ಜಿಕಾಯಿ?? 😄

ಸಿಯಾಟಲ್‌ಸಿದ್ದ:

ಅಯ್ಯೋ. ಕರ್ಜ್‌ವೈಲ್. ಬಾಯಲ್ಲಿ ಹೇಳಿ ಟೈಪ್ ಮಾಡಿಸುತ್ತಿದ್ದೆ, ನೋಡದೆ ಕಳಿಸಿಬಿಟ್ಟೆ.

ಹಡಗಲಿಹುಡುಗಿ:

ಬಿಡಿ, ಇನ್ನು ಮೇಲೆ ನಾನು ಹಾಗೇ ಕರೆಯುತ್ತೇನೆ. ಮಾತಾಡಿ ಟೈಪ್ ಮಾಡೋದರ ಬಗ್ಗೆಯೂ ಕರ್ಜಿಕಾಯಿ ಒಂದು ಮಾತು ಹೇಳಿದ್ದರು. 2009ರ ಹೊತ್ತಿಗೆ ಜನ ಬರೆಯೋದರಲ್ಲಿ ಹೆಚ್ಚಿನ ಪಾಲು ಬಾಯಲ್ಲಿ ಹೇಳಿಯೇ ಬರೆಸುತ್ತಾರೆ ಅಂತ, 1999ರಲ್ಲಿ. 2009ರಲ್ಲಿ ನಾನು ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಒಂದೊಂದೇ ಅಕ್ಷರ ಕುಟ್ಟುತ್ತಿದ್ದೆ.

ತಪ್ಪಾಯಿತು ಅನ್ನೋದಲ್ಲ ನನ್ನ ತಕರಾರು. 2010ರಲ್ಲಿ ಅವರು ತಮ್ಮ 147 ಭವಿಷ್ಯಗಳನ್ನು ತಾವೇ ಕೂತು ಪರೀಕ್ಷಿಸಿದರು. ಶೇಕಡಾ 86 ಸರಿ ಅಂತ ತಾವೇ ಅಂಕ ಕೊಟ್ಟುಕೊಂಡರು. ‘ಪೂರ್ತಿ ಸರಿ’ ಒಂದು ಡಬ್ಬ. ‘ಮುಖ್ಯವಾಗಿ ಸರಿ’ ಇನ್ನೊಂದು ಡಬ್ಬ. ಎರಡನ್ನೂ ಕೂಡಿಸಿದ್ದಕ್ಕೆ 86. ನಮ್ಮ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದೋಕೆ ನಮಗೇ ಕೊಟ್ಟಿದ್ದರೆ ನಾನೂ ಜಿಲ್ಲೆಗೆ ಮೊದಲು ಬರುತ್ತಿದ್ದೆ. ಬೇರೆಯವರು ಅದೇ ಪಟ್ಟಿ ಹಿಡಿದು ನೋಡಿದಾಗ ಅಂಕ ಎಷ್ಟೋ ಕೆಳಗೆ ಬಂತು.

ನಮ್ಮೂರ ಕಡೆಯ ಕಾರಣಿಕ ನೋಡಿದ್ದೀರಾ? ಮೈಲಾರದ ಡೆಂಕನಮರಡಿ. ಪ್ರತಿ ವರ್ಷ ಜಾತ್ರೆಗೆ ಲಕ್ಷಗಟ್ಟಲೆ ಜನ. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾರೆ. ಮೇಲೆ ನಿಂತು ‘ಸದ್ದಲೇ!’ ಅಂತ ಕೂಗುತ್ತಾರೆ. ಅಷ್ಟು ಜನ ಗಪ್‌ಚುಪ್. ಆ ಒಂದು ಕ್ಷಣ ಮೈ ಜುಮ್ ಅನ್ನುತ್ತೆ, ನಾನು ನಂಬಲಿ ಬಿಡಲಿ. ಒಂದೇ ಸಾಲು ನುಡಿದು ಗೊರವಯ್ಯ ಮೇಲಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿಯುತ್ತಾರೆ. ಜಾತ್ರೆ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರೋ ಹೊತ್ತಿಗೆ ಆ ಸಾಲಿಗೆ ಹತ್ತು ಅರ್ಥ. ರೈತರು ಮಳೆ ಬೆಳೆ ಅಂತಾರೆ. ರಾಜಕೀಯದವರು ಕುರ್ಚಿ ಅಂತಾರೆ. ನಮ್ಮ ಮಾವ ಮೆಣಸಿನಕಾಯಿ ರೇಟು ಅಂತಾರೆ. ವರ್ಷದ ಕೊನೆಗೆ ಯಾವುದೋ ಒಂದು ಅರ್ಥ ನಿಜವಾಗಿರುತ್ತೆ. ಕಾರಣಿಕ ಸುಳ್ಳಾಗಿದ್ದೇ ಇಲ್ಲ.

ಗೊರವಯ್ಯ ಅದಕ್ಕೆ ಫೀಸು ಕೇಳಲ್ಲ, ಇದು ಮಾತ್ರ ವ್ಯತ್ಯಾಸ.

ಸಿಯಾಟಲ್‌ಸಿದ್ದ:

ಉದಾಹರಣೆ ಚೆನ್ನಾಗಿದೆ, ಆದರೆ ನ್ಯಾಯವಾಗಿಲ್ಲ. ಕರ್ಜ್‌ವೈಲ್ ಇಸವಿ ಹೇಳುತ್ತಾರೆ. ಕಾರಣಿಕದಲ್ಲಿ ಇಸವಿ ಇರುತ್ತಾ? ಅವರು ಇಸವಿ ಹೇಳಿದ್ದಕ್ಕೇ ಅಲ್ವಾ ನೀವು 2009ನ್ನು ಹಿಡಿದು ಜಗ್ಗಲಿಕ್ಕಾಗಿದ್ದು?

ಹಡಗಲಿಹುಡುಗಿ:

ಹೌದು. ಇದನ್ನು ಒಪ್ಪಿದೆ.

ಎಕ್ಸ್‌ರೇಅಕ್ಕ:

ಇಸವಿ ಹೇಳಿದ ಇನ್ನೊಬ್ಬರ ಕಥೆ ಹೇಳುತ್ತೇನೆ. ಅದು ನನ್ನ ಜೀವನಕ್ಕೇ ತಗುಲಿತ್ತು.

2016ರಲ್ಲಿ ಜೆಫ್ರಿ ಹಿಂಟನ್ ಟೊರಾಂಟೋದ ಒಂದು ಸಭೆಯಲ್ಲಿ, ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡೋದನ್ನು ಈಗಲೇ ನಿಲ್ಲಿಸಬೇಕು ಅಂದರು. ಐದು ವರ್ಷದಲ್ಲಿ ಯಂತ್ರ ಇವರಿಗಿಂತ ಚೆನ್ನಾಗಿ ಓದುತ್ತೆ, ಹತ್ತೂ ಆಗಬಹುದು ಅಂತ. ಹೋಟೆಲ್ ಭಾಷಣಕಾರರಲ್ಲ ಅವರು. ಇವತ್ತಿನ ಎಐಗೆ ತಳಪಾಯ ಹಾಕಿದವರಲ್ಲಿ ಒಬ್ಬರು. 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಕೂಡ ಬಂತು. ಅವರು ಆ ಮಾತು ಹೇಳಿದ ಮರುವರ್ಷ, 2017ರಲ್ಲಿ, ನನ್ನ ಪಿಜಿ ಕೌನ್ಸೆಲಿಂಗ್. ರೇಡಿಯಾಲಜಿ ಸೀಟು ಸಿಗುತ್ತಿತ್ತು. ಅಣ್ಣ ಆ ವಿಡಿಯೋ ಕಳಿಸಿ ‘ಬೇಡ ಕಣೇ, ಸ್ಕಿನ್ ತಗೋ’ ಅಂದ. ಒಂದು ವಾರ ನಿದ್ದೆ ಬರಲಿಲ್ಲ. ಕೊನೆಗೆ ರೇಡಿಯಾಲಜಿಯನ್ನೇ ತಗೊಂಡೆ. ದೂರದೃಷ್ಟಿ ಅಂತೇನಲ್ಲ, ಬರೀ ಹಟ.

ಈಗ ನಮ್ಮಲ್ಲಿ ಎದೆ ಎಕ್ಸ್‌ರೇಗೆ ಎಐ ಇದೆ. ನಿನ್ನೆಯದೇ ಹೇಳುತ್ತೇನೆ. ಒಬ್ಬ ಅಜ್ಜನ ಫಿಲ್ಮಿನಲ್ಲಿ ನಾನು ಗಮನಿಸದ ಪಕ್ಕೆಲುಬಿನ ಸಣ್ಣ ಬಿರುಕಿಗೆ ಅದು ಗುರುತು ಹಾಕಿತು. ಸಲಾಂ ಹೊಡೆದೆ. ಮುಂದಿನ ಫಿಲ್ಮಿನಲ್ಲಿ ಬೆನ್ನಿನ ಚರ್ಮದ ಮಡಿಕೆಯನ್ನು ನೋಡಿ ಶ್ವಾಸಕೋಶ ಕುಸಿದಿದೆ ಅಂತ ಕೆಂಪು ಬಾವುಟ ಎತ್ತಿತು. ಅಜ್ಜಿ ಆರಾಮಾಗಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು.

ಅಲ್ಲದೆ ಫಿಲ್ಮ್ ಓದೋದೊಂದೇ ನಮ್ಮ ಕೆಲಸ ಅಂತ ಹೊರಗಿನವರು ತಿಳಿದಿದ್ದಾರೆ. ಹೊಟ್ಟೆಯ ಸ್ಕ್ಯಾನಿಗೆ ನಾನೇ ಪ್ರೋಬ್ ಹಿಡಿದು ಅಮುಕಬೇಕು, ‘ಇಲ್ಲಿ ನೋವಾ, ಅಲ್ಲಿ ನೋವಾ’ ಕೇಳಬೇಕು. ಗರ್ಭಿಣಿಯಾದರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಫಾರಂ ಎಫ್ ತುಂಬಿಸಬೇಕು, ಅದರಲ್ಲಿ ಒಂದು ಕಾಲಂ ತಪ್ಪಿದರೂ ನನ್ನ ತಲೆಗೆ. ಹೋದ ವರ್ಷದ ಫಿಲ್ಮು ಎಲ್ಲಿ ಅಂದರೆ ಮನೆಯವರು ಮಳೆಯಲ್ಲಿ ನೆನೆದ ಕವರ್ ತರುತ್ತಾರೆ. ಸರ್ಜನ್‌ಗೆ ಫೋನ್ ಮಾಡಿ ‘ಈಗಲೇ ಆಪರೇಷನ್ ಥಿಯೇಟರಿಗೆ ಒಯ್ಯಿ’ ಅನ್ನಬೇಕು. ಇದೆಲ್ಲ ಹಿಂಟನ್‌ಗೆ ಕಾಣಲಿಲ್ಲ. ಅವರಿಗೆ ಯಂತ್ರ ಚೆನ್ನಾಗಿ ಗೊತ್ತು, ನನ್ನ ಕೆಲಸ ಗೊತ್ತಿರಲಿಲ್ಲ. ಆಮೇಲೆ ತಾನು ಅಗಲವಾಗಿ ಮಾತಾಡಿಬಿಟ್ಟೆ, ಕಾಲ ತಪ್ಪಿತು, ದಿಕ್ಕು ತಪ್ಪಿಲ್ಲ ಅಂತ ಅವರೇ ಹೇಳಿದ್ದಾರೆ. ಒಪ್ಪಿಕೊಂಡದ್ದು ದೊಡ್ಡತನ. ಆದರೆ ಆ ವಿಡಿಯೋ ನೋಡಿ ಬೇರೆ ಸೀಟು ತಗೊಂಡ ಗೆಳತಿ ಈಗಲೂ ಸಿಕ್ಕಾಗೆಲ್ಲ ಗೊಣಗುತ್ತಾಳೆ.

ಸಾಲದಅಪ್ಪ:

ನೀವೆಲ್ಲ ನಗುತ್ತಿದ್ದೀರಿ. ನಮ್ಮ ಮನೆಯಲ್ಲಿ ನಗು ಬರಲಿಲ್ಲ.

2022ರಲ್ಲಿ ಮಗ ಮೆಟಾವರ್ಸ್ ಕೋರ್ಸ್ ಅಂತ ಸೇರಿದ. ಕಂಪ್ಯೂಟರಿನೊಳಗಿನ 3ಡಿ ಲೋಕವಂತೆ ಅದು. 85 ಸಾವಿರ. ಸೊಸೈಟಿಯಲ್ಲಿ ಸಾಲ ತೆಗೆದೆ. ಮೂರು ವರ್ಷದಲ್ಲಿ ಆಫೀಸುಗಳೆಲ್ಲ ಆ ಲೋಕದ ಒಳಗೇ ಇರುತ್ತವೆ, ಈಗ ಕಲಿತವರಿಗೆ ಮಾತ್ರ ಕೆಲಸ ಅಂದರು. ಫೇಸ್‌ಬುಕ್ ಹೆಸರನ್ನೇ ಮೆಟಾ ಅಂತ ಬದಲಾಯಿಸಿಕೊಂಡಿದೆ, ಇನ್ನೇನು ಸಾಕ್ಷಿ ಬೇಕು ನಿಮಗೆ ಅಂದರು. ಮಗನ ಆಸೆ, ನಾನು ಎದುರು ಮಾತಾಡಲಿಲ್ಲ. ಕೋರ್ಸ್ ಮುಗಿಯೋ ಹೊತ್ತಿಗೆ ಆ ಮಾತು ಕೇಳುವವರೇ ಇಲ್ಲ. ಹೋದ ತಿಂಗಳು ಆ ಕಡೆ ಹೋಗಿದ್ದೆ. ಅದೇ ಕಟ್ಟಡ, ಅದೇ ಮೂರನೇ ಮಹಡಿ. ಬೋರ್ಡಿನ ಮೇಲೆ ‘ಎಐ ಅಕಾಡೆಮಿ’ ಅಂತ ಹೊಸ ಸ್ಟಿಕ್ಕರ್. ಬಿಸಿಲಿಗೆ ಅಂಚು ಎದ್ದು ಕೆಳಗಿನ ‘ವರ್ಸ್’ ಅನ್ನೋ ಅಕ್ಷರ ಕಾಣುತ್ತಿತ್ತು. ಸಾಲ ಇನ್ನೂ ಏಳು ಕಂತು ಇದೆ.

ಹಳೇನೋಟ್‌ಬುಕ್:

ಸಾರ್, ನಿಮ್ಮ ಮಾತು ನೋಡಿ ಸುಮ್ಮನಾದೆ. ನಮ್ಮ ಆಫೀಸಿನವರಿಗೆ ಹೋಗಿದ್ದು ಒಂದು ದಿನ. ನಿಮಗೆ ಹೋಗಿದ್ದು ಮೂರು ವರ್ಷ. ಹೇಳಿದವರಿಗೆ ಏನೂ ಹೋಗಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ರಾಯಚೂರುಜೋಳ:

ಬೈಯೋದು ಸ್ವಲ್ಪ ಜಾಸ್ತಿಯಾಯಿತು, ನಾನೊಂದು ಬೇರೆ ಮಾತು ಹೇಳಲಾ?

ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಒಂದು ಲೇಖನ ಬರೆದರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ ಉಪಗ್ರಹ ಇಟ್ಟರೆ ಅದು ಒಂದೇ ಜಾಗದ ಮೇಲೆ ನಿಂತ ಹಾಗೆ ಕಾಣುತ್ತೆ, ಅಲ್ಲಿಂದ ಇಡೀ ದೇಶಕ್ಕೆ ಪ್ರಸಾರ ಮಾಡಬಹುದು ಅಂತ. ಆಗ ಒಂದೇ ಒಂದು ಉಪಗ್ರಹವೂ ಮೇಲಕ್ಕೆ ಹೋಗಿರಲಿಲ್ಲ. ಸ್ಪುಟ್ನಿಕ್ ಹಾರಿದ್ದೇ 1957ರಲ್ಲಿ.

ಮೂವತ್ತು ವರ್ಷ ಆದ ಮೇಲೆ, 1975ರ ಆಗಸ್ಟ್. ನಮ್ಮ ತಂದೆ ಆಗ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಐದನೇ ಕ್ಲಾಸು. ಶಾಲೆಗೆ ಟಿವಿ ಬಂತು. ಕರೆಂಟು ಬಂದ ಹೊಸತು, ಊರಲ್ಲಿ ಸಿನಿಮಾ ಟಾಕೀಸೂ ಇಲ್ಲ, ಅಂಥಲ್ಲಿ ಟಿವಿ. ಮಾಳಿಗೆ ಮೇಲೆ ಹತ್ತು ಅಡಿ ಅಗಲದ ಛತ್ರಿಯಂಥದ್ದು, ಕೋಳಿಗೂಡಿನ ಜಾಲರಿಯಿಂದ ಮಾಡಿದ್ದು. ಉಪಗ್ರಹದಿಂದ ನೇರ ಹಳ್ಳಿಗೆ ಟಿವಿ ಪಾಠ ಮುಟ್ಟಿಸೋಕೆ ಇಸ್ರೋ ಮತ್ತು ನಾಸಾ ಸೇರಿ ಮಾಡಿದ ‘ಸೈಟ್’ (SITE) ಅನ್ನೋ ಪ್ರಯೋಗ ಅದು. ಆರು ರಾಜ್ಯ, 2,400 ಹಳ್ಳಿ. ನಮ್ಮಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ. ಸಂಜೆಯಾದರೆ ಅಂಗಳದಲ್ಲಿ ಚಾಪೆ ಹಾಸಿ ಊರಿಗೆ ಊರೇ ಕೂರುತ್ತಿತ್ತಂತೆ. ಕನ್ನಡದಲ್ಲಿ ಗೊಬ್ಬರದ ಪಾಠ, ಬಾಣಂತಿಯ ಆರೈಕೆ. ‘ಒಳಗಿರೋ ಮನುಷ್ಯ ಊಟಕ್ಕೆ ಯಾವಾಗ ಹೋಗ್ತಾನೆ’ ಅಂತ ಅಜ್ಜಿ ಕೇಳಿದ್ದನ್ನು ಅಪ್ಪ ಈಗಲೂ ಹೇಳುತ್ತಾರೆ. ಒಂದು ವರ್ಷ ಆದ ಮೇಲೆ ಉಪಗ್ರಹವನ್ನು ಬೇರೆ ಕಡೆ ಸರಿಸಿದರು, ಟಿವಿ ಮೂಕವಾಯಿತು. ಅಂಥದ್ದೇ ಛತ್ರಿಯೊಂದನ್ನು ಇಸ್ರೋದವರು ಕೊಲಂಬೊದ ಕ್ಲಾರ್ಕ್ ಮನೆಗೂ ಹಾಕಿಕೊಟ್ಟಿದ್ದರು. ತಾನು ಬರೆದದ್ದನ್ನು ಮನುಷ್ಯ ತನ್ನ ಮನೆಯಲ್ಲೇ ಕೂತು ನೋಡಿದ.

ಈಗ ಮಜಾ ಕೇಳಿ. ಕ್ಲಾರ್ಕ್ ಲೇಖನದಲ್ಲಿ ಆ ಉಪಗ್ರಹದಲ್ಲಿ ಜನ ಇರುತ್ತಾರೆ. ಆಗಿನ ರೇಡಿಯೋಗೆ ಗಾಜಿನ ಬಲ್ಬಿನಂಥ ವಾಲ್ವ್ ಬೇಕು, ವಾಲ್ವ್ ಸುಟ್ಟರೆ ಬದಲಾಯಿಸೋಕೆ ಆಳು ಬೇಕಲ್ಲ! ಎರಡೇ ವರ್ಷದಲ್ಲಿ ವಾಲ್ವ್ ಜಾಗಕ್ಕೆ ಪುಟ್ಟ ಟ್ರಾನ್ಸಿಸ್ಟರ್ ಬಂದು ಅವರೆಲ್ಲರ ಕೆಲಸ ಹೋಯಿತು. ಲೆಕ್ಕ ಸರಿ, ದಾರಿ ಸರಿ, ಚಿತ್ರ ತಪ್ಪು. ಇದಕ್ಕೆ ಎಷ್ಟು ಅಂಕ ಕೊಡುತ್ತೀರಿ?

ಹಡಗಲಿಹುಡುಗಿ:

ಇದಕ್ಕೆ ನಾನು ಕಣ್ಣು ಮುಚ್ಚಿ ಕೊಡುತ್ತೇನೆ. ಅವರು ಲೆಕ್ಕ ತೋರಿಸಿದ್ದರು. ಯಾರು ಬೇಕಾದರೂ ಕಾಗದ ಪೆನ್ನು ಹಿಡಿದು ನೋಡಬಹುದಿತ್ತು. ಹೈಪರ್‌ಲೂಪ್‌ಗೆ ದೇವನಹಳ್ಳಿಬಸ್ ಮಾಡಿದ ಹಾಗೆ.

ದೇವನಹಳ್ಳಿಬಸ್:

ಹೆಬ್ಬಾಳ ಬಂತು.

ಲೆಕ್ಕದಮೇಷ್ಟ್ರು:

ತಡವಾಗಿ ನೋಡಿದೆ. ಎರಡು ಮಾತು.

ನಂಬದವರೂ ಸಾಚಾ ಅಲ್ಲ. ಕಂಪ್ಯೂಟರ್‌ಗಳನ್ನು ತಂತಿಯಿಂದ ಬೆಸೆಯುವ ಈಥರ್ನೆಟ್ ಕಂಡುಹಿಡಿದವರಲ್ಲಿ ಒಬ್ಬರಾದ ಬಾಬ್ ಮೆಟ್ಕಾಫ್ 1995ರ ಕೊನೆಗೆ, 1996ರಲ್ಲಿ ಇಂಟರ್‌ನೆಟ್ ಕುಸಿದು ಬೀಳುತ್ತೆ ಅಂತ ಅಂಕಣ ಬರೆದರು. ತಪ್ಪಾದರೆ ಬರೆದದ್ದನ್ನು ತಿನ್ನುತ್ತೇನೆ ಅಂದಿದ್ದರು. ತಪ್ಪಾಯಿತು. 1997ರಲ್ಲಿ ಸಮ್ಮೇಳನವೊಂದರ ವೇದಿಕೆ ಮೇಲೆ ಅಂಕಣದ ಹಾಳೆಯನ್ನು ನೀರು ಬೆರೆಸಿ ಮಿಕ್ಸಿಗೆ ಹಾಕಿ ತಿರುವಿ, ಎಲ್ಲರೆದುರು ತಿಂದರು. ನನಗೆ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದೇ ಅವತ್ತು.

ಇನ್ನೊಂದು, ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ ಅವರ ಕೆಲಸ. ರಾಜಕೀಯ, ಆರ್ಥಿಕತೆಯ 284 ಪರಿಣತರಿಂದ ಸುಮಾರು 28 ಸಾವಿರ ಭವಿಷ್ಯ ಬರೆಸಿಕೊಂಡು ಇಪ್ಪತ್ತು ವರ್ಷ ಕಾದರು. 2005ರಲ್ಲಿ ಫಲಿತಾಂಶ. ಒಂದೇ ದೊಡ್ಡ ಸಿದ್ಧಾಂತ ಹಿಡಿದು ಎಲ್ಲಕ್ಕೂ ಅದನ್ನೇ ಅಂಟಿಸುವವರು ಹೆಚ್ಚು ತಪ್ಪಿದ್ದರು. ‘ಇರಬಹುದು, ಆದರೆ’ ಅನ್ನುವವರು ಸ್ವಲ್ಪ ವಾಸಿ. ಟಿವಿಯವರು ಜಾಸ್ತಿ ಕರೆಯೋದು ಯಾರನ್ನ? ಮೊದಲಿನವರನ್ನ. ‘ಇರಬಹುದು, ಆದರೆ’ ಅನ್ನುವವನಿಗೆ ಯಾರು ಹೋಟೆಲ್ ಬುಕ್ ಮಾಡುತ್ತಾರೆ?

ನನಗೆ ಬಾಜಿ ಕಟ್ಟುವವರು ಇಷ್ಟ. ಕರ್ಜಿಕಾಯಿ (ಕ್ಷಮಿಸಿ) 2002ರಲ್ಲಿ ಲೋಟಸ್ ಸಾಫ್ಟ್‌ವೇರ್ ಕಂಪನಿ ಕಟ್ಟಿದ ಮಿಚ್ ಕೇಪರ್ ಜೊತೆ 20,000 ಡಾಲರ್ ಬಾಜಿ ಕಟ್ಟಿದ್ದಾರೆ. 2029ರೊಳಗೆ ಯಂತ್ರ ಟ್ಯೂರಿಂಗ್ ಪರೀಕ್ಷೆ ಪಾಸಾಗುತ್ತೋ ಇಲ್ಲವೋ, ಅಂದರೆ ಮಾತಾಡುತ್ತಿರೋದು ಯಂತ್ರ ಅಂತ ಗೊತ್ತಾಗದ ಹಾಗೆ ಮಾತಾಡುತ್ತೋ ಇಲ್ಲವೋ ಅಂತ. ತೀರ್ಪುಗಾರರು ಎಷ್ಟು ಜನ, ಎಷ್ಟು ಹೊತ್ತು ಮಾತಾಡಬೇಕು, ಎಲ್ಲ ಮೊದಲೇ ಬರೆದಿಟ್ಟಿದ್ದಾರೆ. ಇಲ್ಲಿ ಅವರ ಪತ್ರಿಕೆ ಅವರೇ ತಿದ್ದುವ ಹಾಗಿಲ್ಲ. ಸಿದ್ದ, ನಿಮ್ಮ ಕಡೆ ಒಂದು ಅಂಕ.

ಬಾಜಿಗೂ ಮಿತಿ ಇದೆ. ಜನಸಂಖ್ಯೆ ಏರಿ ಲೋಹಗಳ ಬೆಲೆ ಏರುತ್ತೆ ಅಂತ ಜೀವಶಾಸ್ತ್ರಜ್ಞ ಪಾಲ್ ಎರ್ಲಿಕ್, ಇಲ್ಲ ಇಳಿಯುತ್ತೆ ಅಂತ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್, 1980ರಲ್ಲಿ ಐದು ಲೋಹದ ಮೇಲೆ ಬಾಜಿ. 1990ರಲ್ಲಿ ಎರ್ಲಿಕ್ 576 ಡಾಲರ್ 7 ಸೆಂಟಿನ ಚೆಕ್ ಕಳಿಸಿದರು. ಆದರೆ ಬೇರೆ ಹತ್ತು ವರ್ಷ ಆರಿಸಿದ್ದರೆ ಎಷ್ಟೋ ಸಲ ಎರ್ಲಿಕ್ ಅವರೇ ಗೆಲ್ಲುತ್ತಿದ್ದರು.

ಸಿಯಾಟಲ್‌ಸಿದ್ದ:

ಸರಿ, ನಾನೂ ಕಟ್ಟುತ್ತೇನೆ. ನೋಟ್‌ಬುಕ್ ಸಾರ್, ಬರೆದುಕೊಳ್ಳಿ. 2030ಕ್ಕೆ ಬೆಂಗಳೂರಿನಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿ ಓಡುತ್ತೆ.

ಹಡಗಲಿಹುಡುಗಿ:

ಸದ್ದಲೇ! ‘ಓಡುತ್ತೆ’ ಅಂದರೆ ಎಷ್ಟು? ಎಲ್ಲಿ? ಟೆಕ್ ಪಾರ್ಕಿನ ಕಾಂಪೌಂಡ್ ಒಳಗೆ ಒಂದು ಗಾಡಿ ಗಿರಗಿರ ಸುತ್ತಿದರೂ ಗೆದ್ದೆ ಅಂತೀರಿ.

ಎಕ್ಸ್‌ರೇಅಕ್ಕ:

ಮುಂದಿನ ಸೀಟಲ್ಲಿ ‘ಸೇಫ್ಟಿಗೆ’ ಅಂತ ಒಬ್ಬ ಕೂತಿದ್ದರೆ?

ಸಿಯಾಟಲ್‌ಸಿದ್ದ:

ಕೂತಿರಬಾರದು. ಸಾರ್ವಜನಿಕ ರಸ್ತೆ. ನಮ್ಮಂಥ ಯಾರು ಬೇಕಾದರೂ ದುಡ್ಡು ಕೊಟ್ಟು ಹತ್ತಬೇಕು. ಕನಿಷ್ಠ ನೂರು ಗಾಡಿ.

ದೇವನಹಳ್ಳಿಬಸ್:

ಸಿಲ್ಕ್ ಬೋರ್ಡ್ ದಾಟಬೇಕು. ಸಂಜೆ ಆರೂವರೆಗೆ.

ಸಿಯಾಟಲ್‌ಸಿದ್ದ:

...ಹಾಗಾದರೆ 2035 ಮಾಡಿ.

ಲೆಕ್ಕದಮೇಷ್ಟ್ರು:

ತೀರ್ಪು ಯಾರದು?

ಸಿಯಾಟಲ್‌ಸಿದ್ದ:

ಸಾಲದಅಪ್ಪ ಅವರದು. ಅವರು ಒಪ್ಪಿದರೆ.

ಸಾಲದಅಪ್ಪ:

ಆಗಲಿ. ಆ ಗಾಡಿಯಲ್ಲಿ ನಾನೂ ಮಗನೂ ಕೂತು ಸಿಲ್ಕ್ ಬೋರ್ಡ್ ದಾಟಿದ ಮೇಲೆ ಹೇಳುತ್ತೇನೆ.

ಹಳೇನೋಟ್‌ಬುಕ್:

ಬರೆದಾಯಿತು. ಅದೇ ಹಳೇ ಪುಟದಲ್ಲಿ, ‘ಊಟ 1.30ಕ್ಕೆ’ ಅಂತಿರೋ ಸಾಲಿನ ಕೆಳಗೆ. ಅಂದಹಾಗೆ, ಅವತ್ತು ಊಟ ಬಂದಿದ್ದು ಎರಡೂಕಾಲಿಗೆ.